ಬೆರಳು ಬಿಟ್ಟ ಕೈಗವಸು

ಚಳಿಗಾಲದಲ್ಲಿ ಕೈಗಳಿಗೆ ತೊಡತಕ್ಕ ಉಣ್ಣೆಯ ಗವಸುಗಳಲ್ಲಿ ಎರಡು ಬಗೆಗಳುಂಟು. ಮೊದಲನೆಯದು ಮಣಿಕಟ್ಟು, ಅಂಗೈ, ಐದು ಬೆರಳು ಇವೆಲ್ಲವನ್ನೂ ಮುಚ್ಚತಕ್ಕದ್ದು. ಎರಡನೆಯದು ಮಣಿಕಟ್ಟಿಗಿಂತ ಸ್ವಲ್ಪ ಮೇಲಿನಿಂದ ಹೊರಟು, ಅಂಗೈಯನ್ನು ಬಳಸಿ, ಹೆಬ್ಬೆರಳಿಗೆ ಒಂದು ದಾರಿಯನ್ನು ಬಿಟ್ಟು, ಉಳಿದ ನಾಲ್ಕು ಬೆರಳುಗಳ ಬುಡದಲ್ಲಿಯೇ ನಿಂತುಬಿಡತಕ್ಕದ್ದು. ಈ ಎರಡನೆಯ ಬಗೆಯದನ್ನು ತೆಳ್ಳನೆಯ ನೂಲಿನಿಂದ, ನಡುನಡುವೆ ಎಲೆಯ ಆಕಾರದ, ಅಲೆಯ ಆಕಾರದ ಕಂಡಿಗಳು ಬರುವಂತೆ, ಜಾಲರಿಯಾಗಿ ಹೆಣೆಯುವುದುಂಟು. ಇದಕ್ಕೆ ಲೇಸ್ ಹೆಣಿಗೆಯೆಂದು ಹೆಸರು. ಇದನ್ನು ಮೊದಲ ಸಲ ನೋಡಿದವರು, “ಬೆರಳನ್ನೇ ಮುಚ್ಚದ ಗವಸು, ಅದರಲ್ಲಿಯೂ ಮೈತುಂಬ ತೂತು, ಇದು ಚಳಿಯನ್ನು ತಡೆಯುವುದುಂಟೆ? ಹೊತ್ತು ಹೋಗದ ದೊರಸಾನಿಯರ ಅಲಂಕಾರವಷ್ಟೆ” ಎಂದು ನಗುವುದು ಸಹಜವಾಗಿದೆ.

ಆ ನಗೆಗೆ ತಕ್ಕ ಉತ್ತರವು ಚರಿತ್ರೆಯಲ್ಲಿ ದೊರೆಯುವುದೆಂದು ನಮಗೆ ತೋರುತ್ತದೆ. ಗವಸಿನ ಚರಿತ್ರೆಯು ಉಣ್ಣೆಯ ಚರಿತ್ರೆಯಲ್ಲಿ ಸೇರಿರುವುದು. ಉಣ್ಣೆಯ ಚರಿತ್ರೆಯಾದರೋ ಅದನ್ನು ನೂತ ಮತ್ತು ಹೆಣೆದ ಕೈಗಳ ಚರಿತ್ರೆಯೇ ಆಗಿರುವುದು. ಮಂಡ್ಯ, ಮದ್ದೂರು, ಮಳವಳ್ಳಿಗಳ ಸೀಮೆಯಲ್ಲಿ ಕುರಿಯ ಹಿಂಡುಗಳಿಗೆ ಕೊರತೆಯಿಲ್ಲ. ಕಂಬಳಿಯನ್ನು ಹೊದೆಯದ ರೈತನೂ ಹಿಂದೆ ಇರಲಿಲ್ಲ. ಹೀಗಿದ್ದರೂ ಕಡ್ಡಿಗಳಿಂದ ಉಣ್ಣೆಯನ್ನು ಹೆಣೆಯುವ ವಿದ್ಯೆಯು ಇಲ್ಲಿ ಹುಟ್ಟಲಿಲ್ಲ. ಬಹು ದೂರದಿಂದ ಬಂದು ಸೇರಿತು. ಹಾಗೇಕಾಯಿತು, ಬಂದ ವಿದ್ಯೆಯು ಯಾರ ಕೈ ಸೇರಿತು, ಆ ಕೈಗಳ ದುಡಿಮೆಗೆ ಎಷ್ಟು ಬೆಲೆ ಕಟ್ಟಲಾಯಿತು ಎಂಬ ಮೂರು ವಿಷಯಗಳನ್ನು ಈ ಉಪನ್ಯಾಸದಲ್ಲಿ ಕ್ರಮವಾಗಿ ವಿಚಾರಮಾಡುವೆವು.

ಮೊದಲು ಕುರಿಯ ಮಾತು. ಮಂಡ್ಯವು ಪ್ರತ್ಯೇಕ ಜಿಲ್ಲೆಯಾದದ್ದು 1939ರಲ್ಲಿ. ಅದಕ್ಕೆ ಮುಂಚೆ ಇದು ಮೈಸೂರು ಜಿಲ್ಲೆಗೆ ಸೇರಿದ್ದಿತು. ಈ ಸೀಮೆಯದೇ ಆದ ಒಂದು ಕುರಿಯ ತಳಿಯುಂಟು. ಮಳವಳ್ಳಿ ತಾಲ್ಲೂಕಿನ ಬಂಡೂರಿನ ಹೆಸರಿನಿಂದ ಅದನ್ನು ಬಂಡೂರು ಕುರಿಯೆಂದು ಕರೆಯುವರು. ಬನ್ನೂರು ಕುರಿ, ಮಂಡ್ಯದ ಕುರಿ ಎಂಬ ಹೆಸರುಗಳೂ ಅದಕ್ಕೆ ಇವೆ. ಗಿಡ್ಡ ಕಾಲು, ಅಗಲವಾದ ಬೆನ್ನು, ತುಂಬಿಕೊಂಡ ತೊಡೆ, ಬಿಳಿಯ ಮೈ, ಕೆಲವಕ್ಕೆ ಮುಖದ ಮೇಲೆ ಕಂದು ಬಣ್ಣ. ಇವು ಅದರ ಲಕ್ಷಣಗಳು. ಮಾಂಸದ ರುಚಿಗೆ ಈ ತಳಿಯು ಬಹು ದೂರದವರೆಗೂ ಹೆಸರಾದುದು. ಆದರೆ ಅದರ ಮೈಮೇಲಿರುವುದು ಉಣ್ಣೆಯೆನ್ನುವುದಕ್ಕಿಂತ ಒರಟಾದ ಕೂದಲೆನ್ನುವುದೇ ಹೆಚ್ಚು ಸರಿ. ಕಂಬಳಿಗೆ ಒದಗುವ ಕರಿಯ ಉಣ್ಣೆಯನ್ನು ಕೊಡುವ ಕುರಿಗಳು ಉತ್ತರದ ಒಣಸೀಮೆಗಳಲ್ಲಿ, ಎಂದರೆ ತುಮಕೂರು, ಚಿತ್ರದುರ್ಗ, ಬಳ್ಳಾರಿಗಳ ಕಡೆ, ವಿಶೇಷವಾಗಿರುವುವು. ಆ ಉಣ್ಣೆಯ ಎಳೆಯೂ ದಪ್ಪವಾದುದೇ. ಮೆರಿನೊ ಎಂಬ ಪ್ರಸಿದ್ಧವಾದ ತಳಿಯ ಉಣ್ಣೆಯ ಎಳೆಯು ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಸುಮಾರು 20 ಪಾಲಿನಷ್ಟು ದಪ್ಪವಿರುವುದು. ನಮ್ಮ ಕಂಬಳಿಯ ಉಣ್ಣೆಯ ಎಳೆಯು ಅದರ ಎರಡರಷ್ಟಕ್ಕಿಂತಲೂ ದಪ್ಪವಾಗಿರುವುದು. ಶ್ರೋತೃಗಳು ಈ ಅಳತೆಯನ್ನು ಜ್ಞಾಪಕದಲ್ಲಿಡಬೇಕೆಂದು ಕೋರುತ್ತೇವೆ. ಮುಂದಿನ ಕಥೆಯ ಬಹುಭಾಗವು ಇದರ ಮೇಲೆಯೇ ನಿಂತಿದೆ.

ಈ ಒರಟು ಉಣ್ಣೆಯಿಂದ ನಮ್ಮ ಹಿರಿಯರು ಮಾಡಿಕೊಂಡ ವಸ್ತುವೇ ಕಂಬಳಿ. ಟಿಪ್ಪು ಸುಲ್ತಾನನು ಮಡಿದ ಮರುವರ್ಷ, 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಅಪ್ಪಣೆಯ ಮೇಲೆ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಈ ದೇಶದ ಬೇಸಾಯ, ಕಸಬು, ವ್ಯಾಪಾರಗಳನ್ನು ನೋಡಿ ಬರೆಯಲು ಹೊರಟನು. ಶ್ರೀರಂಗಪಟ್ಟಣದಿಂದ ಮಂಡ್ಯ, ಮದ್ದೂರುಗಳ ದಾರಿಯಾಗಿ ಬೆಂಗಳೂರಿಗೆ ನಡೆದ ಈತನ ಗ್ರಂಥವು 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಕುರುಬರು ನೇಯುವ ಕಂಬಳಿಯ ವಿಷಯವು ಅದರಲ್ಲಿ ಬಂದಿದೆ. ಆ ಕಸಬಿನ ಕ್ರಮವು ಆಗ ಹೇಗಿದ್ದಿತೋ ಬಹುಮಟ್ಟಿಗೆ ಈಚಿನವರೆಗೂ ಹಾಗೆಯೇ ನಡೆದುಬಂದಿತು. ವರ್ಷಕ್ಕೆ ಎರಡು ಸಲ ಕುರಿಯ ಮೈಯನ್ನು ಕತ್ತರಿಸುವರು. ಕತ್ತರಿಸಿದ ಉಣ್ಣೆಯನ್ನು ಬಿಲ್ಲಿನ ಹೆದೆಯಿಂದ ಎಕ್ಕಿ ಹಗುರ ಮಾಡುವರು. ಹೆಂಗಸರು ಅದನ್ನು ರಾಟೆಯಲ್ಲಿ ನೂಲುವರು. ಹಾಸಿನ ನೂಲಿಗೆ ಹುಣಸೆಯ ಬೀಜದ ಸರಿಯನ್ನು ಹಚ್ಚಿ, ಒಣಗಿಸಿ, ನೆಲದ ಗುಣಿಯಲ್ಲಿ ಕಾಲಿಟ್ಟು ಕೂರುವ ಮಗ್ಗದಲ್ಲಿ ಗಂಡಸರು ನೇಯುವರು. ಬಣ್ಣದ ಗೊಡವೆಯಿಲ್ಲ, ಕುರಿಯ ಕಪ್ಪೇ ಕಂಬಳಿಯ ಕಪ್ಪು.

ಈ ಕಂಬಳಿಯ ಗುಣವನ್ನು ಬಲ್ಲವರೇ ಬಲ್ಲರು. ಉಣ್ಣೆಯು ತನ್ನ ತೂಕದ ಸುಮಾರು ಮೂರನೆಯ ಒಂದು ಪಾಲಿನಷ್ಟು ತೇವವನ್ನು ಒಳಗೆ ಸೇರಿಸಿಕೊಂಡರೂ ಮೈಗೆ ಒದ್ದೆಯೆಂದು ತೋರದು. ಆದುದರಿಂದಲೇ ಕಂಬಳಿಯನ್ನು ಕೊಪ್ಪೆ ಮಾಡಿ ತಲೆಯ ಮೇಲೆ ಹಾಕಿಕೊಂಡು ಜಡಿಮಳೆಯಲ್ಲಿ ಗದ್ದೆಯ ಬದುವಿನ ಮೇಲೆ ನಿಂತ ರೈತನು ನಡುಗದೆ ನಿಲ್ಲಬಲ್ಲನು. ಅದೇ ರಾತ್ರಿಗೆ ಹಾಸಿಗೆ, ಅದೇ ಹೊದಿಕೆ. ಧಾನ್ಯ ಕಟ್ಟುವ ಮೂಟೆಯೂ ಅದೇ. ದೇವರ ಕಾರ್ಯದಲ್ಲಿ ಗದ್ದಿಗೆಯೂ ಅದೇ. ಹೊಲಿಯಬೇಕಾಗಿಲ್ಲ, ಮೈಯ ಅಳತೆ ಬೇಕಾಗಿಲ್ಲ. ಸೀರೆ, ಪಂಚೆ, ವಲ್ಲಿ, ಕಂಬಳಿ. ನಮ್ಮ ದೇಶದ ಉಡುಪೆಲ್ಲವೂ ಹೀಗೆ ಸುತ್ತಿಕೊಳ್ಳುವ, ಹೊದೆದುಕೊಳ್ಳುವ ಉಡುಪು. ಕೈಬೆರಳಿನ ಆಕಾರಕ್ಕೂ ಕಾಲಿನ ಆಕಾರಕ್ಕೂ ಸರಿಯಾಗಿ ಬಟ್ಟೆಯನ್ನು ಹುಟ್ಟಿಸುವ ಅವಶ್ಯಕತೆಯು ಇಂತಹ ಹವೆಯಲ್ಲಿ ತೋರಲಿಲ್ಲ. ತೋರಿದ್ದರೂ ಎರಡರಷ್ಟು ದಪ್ಪವಾದ ಎಳೆಯಿಂದ ಬೆರಳಿನ ಸಂದಿಗೆ ಹೊಂದುವ ಗವಸನ್ನು ಹೆಣೆದರೆ ಅದು ಚರ್ಮವನ್ನು ಕೆರೆದು ಹಾಕುತ್ತಿದ್ದಿತು. ಹೆಣಿಗೆಯ ವಿದ್ಯೆಯು ಇಲ್ಲಿ ಹುಟ್ಟದಿರಲು ಇವೆರಡೂ ಕಾರಣಗಳೆಂದು ಹೇಳಬಹುದು.

ಆದರೂ ಉಣ್ಣೆಯ ಎಳೆಯು ನಮ್ಮವರ ಮಣಿಕಟ್ಟನ್ನು ಬಹು ಹಿಂದೆಯೇ ಸುತ್ತಿಕೊಂಡಿತ್ತೆಂಬುದನ್ನು ಇಲ್ಲಿ ಹೇಳದೆ ಬಿಡಲಾಗದು. ಕುರುಬರಲ್ಲಿ ಉಣ್ಣೆ ಕಂಕಣದವರು, ಹತ್ತಿ ಕಂಕಣದವರು ಎಂಬ ಎರಡು ಪಂಗಡಗಳುಂಟು. ಮದುವೆಯ ಕಾಲದಲ್ಲಿ ವಧೂವರರ ಕೈಗೆ ಉಣ್ಣೆಯ ದಾರದ ಕಂಕಣವನ್ನು ಕಟ್ಟುವವರು ಮೊದಲನೆಯವರು; ಹತ್ತಿಯ ದಾರದ್ದನ್ನು ಕಟ್ಟುವವರು ಎರಡನೆಯವರು. ಕುಲವನ್ನು ಗುರುತಿಸಲು ಕೈಗೆ ಕಟ್ಟಿದ ನೂಲನ್ನೇ ಹಿಡಿದ ಜನರು ನೂಲಿನ ಬೆಲೆಯನ್ನು ಅರಿಯದವರಲ್ಲ. ಭಾಷೆಯ ವಿಷಯವೂ ಹೀಗೆಯೇ. ಹೆಣೆ ಎಂಬ ಧಾತುವು ಅಚ್ಚಕನ್ನಡದ್ದು. ಹಳಗನ್ನಡದಲ್ಲಿ ಅದು ಪೆಣೆ ಎಂದಿದ್ದಿತು. ಜಡೆ ಹೆಣೆಯುವುದು, ಬಲೆ ಹೆಣೆಯುವುದು, ಚಾಪೆ ಹೆಣೆಯುವುದು ಎಂಬ ಮಾತುಗಳು ಮನೆಮನೆಯಲ್ಲಿದ್ದುವು. ಗವಸು ಎಂದರೆ ಹೊದಿಕೆ. ವೀಣೆಗೂ ದಿಂಬಿಗೂ ಗವಸು ಇದ್ದಿತು. ಹೊರದೇಶದ ವಿದ್ಯೆಯು ಬಂದಾಗ ಕನ್ನಡವು ಹೊಸ ಶಬ್ದವನ್ನು ಹುಡುಕುತ್ತ ಕೂರಲಿಲ್ಲ. ಮನೆಯಲ್ಲಿದ್ದ ಈ ಎರಡು ಮಾತುಗಳನ್ನೇ ಅದಕ್ಕೆ ಕೊಟ್ಟಿತು.

ಇನ್ನು ಆ ವಿದ್ಯೆಯು ಬೆಳೆದ ಬಗೆಯನ್ನು ನೋಡೋಣ. ಈಜಿಪ್ತಿನ ಒಣಮರಳಿನಲ್ಲಿ ಹೂತುಹೋಗಿದ್ದು ದೊರೆತ ಕಾಲುಚೀಲಗಳಲ್ಲಿ ಬಹು ಪ್ರಾಚೀನವಾದುವು ಒಂಟಿ ಸೂಜಿಯಿಂದ ಗಂಟಿನ ಹಾಗೆ ಸುತ್ತಿ ಮಾಡಿದುವು. ಎರಡು ಅಥವಾ ಹೆಚ್ಚು ಕಡ್ಡಿಗಳ ಮೇಲೆ ಕುಣಿಕೆಗಳನ್ನು ಏರಿಸಿ, ಒಂದು ಕುಣಿಕೆಯೊಳಗಿನಿಂದ ಮತ್ತೊಂದನ್ನು ಎಳೆಯುವ ನಿಜವಾದ ಹೆಣಿಗೆಯ ವಸ್ತುಗಳು ಕ್ರಿ. ಶ. 1000ದಿಂದ ಈಚಿನ ಕಾಲಕ್ಕೆ ಸೇರಿದುವು. ಅವೂ ಅಲ್ಲಿಯೇ ದೊರೆತಿವೆ. ಯೂರೋಪಿನಲ್ಲಿ ಈ ಕಸಬು ಹರಡಿದ ಮೇಲೆ ಅನೇಕ ಪಟ್ಟಣಗಳಲ್ಲಿ ಹೆಣಿಗೆಯವರ ಶ್ರೇಣಿಗಳು ಏರ್ಪಟ್ಟುವು. ಶ್ರೇಣಿಯೆಂದರೆ ಒಂದು ಕಸಬಿನವರ ಕಟ್ಟುಪಾಡಿನ ಸಂಘ. ಇವುಗಳಲ್ಲಿ ಯಜಮಾನರಾಗಿದ್ದವರು ಗಂಡಸರು. ವರ್ಷಗಟ್ಟಲೆ ಶಿಷ್ಯವೃತ್ತಿ ಮಾಡಿ, ಪರೀಕ್ಷೆಯಲ್ಲಿ ತೇರ್ಗಡೆಯಾದವರು. ಆಗ ಹೆಣಿಗೆಯು ಕಸಬೆಂದು ಗಣ್ಯವಾಗಿದ್ದಿತು. ಅದಕ್ಕೆ ಕಸಬಿನ ಕೂಲಿಯೂ ಇದ್ದಿತು.

1589ರಲ್ಲಿ ಇಂಗ್ಲೆಂಡಿನ ವಿಲಿಯಂ ಲೀ ಎಂಬಾತನು ಕಾಲುಚೀಲ ಹೆಣೆಯುವ ಯಂತ್ರವನ್ನು ಕಲ್ಪಿಸಿದನು. ಎಲಿಜಬೆತ್ ರಾಣಿಯು ಬಡ ಹೆಣಿಗೆಯವರ ಅನ್ನಕ್ಕೆ ಸಂಚಕಾರವಾದೀತೆಂದು ಅವನಿಗೆ ಸನ್ನದನ್ನು ಕೊಡಲಿಲ್ಲವೆಂಬ ಕಥೆಯುಂಟು. ಕಥೆ ಹೇಗೇ ಇರಲಿ, ಯಂತ್ರವು ನಿಲ್ಲಲಿಲ್ಲ. 1809ರ ಹೊತ್ತಿಗೆ ಜಾನ್ ಹೀತ್‌ಕೋಟನ ಯಂತ್ರವು ಲೇಸಿನ ಜಾಲರಿಯನ್ನೂ ಮಾಡತೊಡಗಿತು. 1816ರಲ್ಲಿ ಲಫ್‌ಬರೋ ಊರಿನಲ್ಲಿದ್ದ ಅವನ ಯಂತ್ರಗಳನ್ನು ಕೆಲಸಗಾರರು ಒಡೆದುಹಾಕಿದರು. ಯಂತ್ರವು ಗೆದ್ದ ಕಡೆಗಳಲ್ಲಿ ಗಂಡಸರು ಕೈಹೆಣಿಗೆಯನ್ನು ಬಿಟ್ಟು ಕಾರ್ಖಾನೆಗೆ ನಡೆದರು. ಕಡ್ಡಿಗಳು ಹೆಂಗಸರ ಕೈಯಲ್ಲಿ ಉಳಿದುವು. ಹೀಗೆ ಕೈ ಬದಲಾದೊಡನೆ ಅದೇ ಕೆಲಸದ ಹೆಸರೂ ಬದಲಾಯಿತು: ಮೊದಲು ಕಸಬಾಗಿದ್ದುದು ಈಗ ಬಿಡುವಿನ ಕೆಲಸವೆನಿಸಿತು. ಕೂಲಿಯೂ ಹೆಸರನ್ನು ಹಿಂಬಾಲಿಸಿ ಇಳಿಯಿತು.

ಇದಕ್ಕೆ ಶೆಟ್ಲೆಂಡ್ ದ್ವೀಪಗಳ ನಿದರ್ಶನಕ್ಕಿಂತ ಸ್ಪಷ್ಟವಾದುದು ಇಲ್ಲ. ಸ್ಕಾಟ್ಲೆಂಡಿನ ಉತ್ತರಕ್ಕಿರುವ ಈ ದ್ವೀಪಗಳ ಕುರಿಗಳ ಉಣ್ಣೆಯು ಬಹು ನಯವಾದುದು. 1840ರ ಸುಮಾರಿನಿಂದ ಅಲ್ಲಿನ ಹೆಂಗಸರು ಹೆಣೆದ ಲೇಸ್ ಶಾಲುಗಳು ರಾಜಮನೆತನದವರ ಮೆಚ್ಚಿಗೆಯನ್ನು ಪಡೆದುವು. ಒಂದು ಇಡೀ ಶಾಲನ್ನು ಉಂಗುರದೊಳಗಿಂದ ಎಳೆದು ಹೊರಕ್ಕೆ ತೆಗೆಯಬಹುದೆಂದು ಪ್ರತೀತಿ. ಇವುಗಳನ್ನು ಹೆಣೆದವರು ಬಿಡುವಿದ್ದವರೆ? ಅಲ್ಲಿ ಜವುಗುನೆಲದಿಂದ ಕಡಿದು ಒಣಗಿಸಿದ, ಸೌದೆಯಂತೆ ಉರಿಯುವ ಮಣ್ಣಿನ ಹೆಂಟೆಗಳನ್ನು ಬೆನ್ನಿನ ಬುಟ್ಟಿಯಲ್ಲಿ ಹೊತ್ತು ಮೈಲಿಗಟ್ಟಲೆ ನಡೆಯುವಾಗಲೂ ಅವರ ಕೈಗಳು ಹೆಣೆಯುತ್ತಲೇ ಇರುತ್ತಿದ್ದುವು. ಒಂದು ಕಡ್ಡಿಯನ್ನು ಸಿಕ್ಕಿಸಿಕೊಳ್ಳಲು ಸೊಂಟಕ್ಕೆ ತೂತುಗಳಿರುವ ತೊಗಲಿನ ಪಟ್ಟಿಯನ್ನು ಕಟ್ಟಿಕೊಳ್ಳುತ್ತಿದ್ದರು. ವರ್ತಕರು ಇವರಿಗೆ ಹಣವನ್ನು ಕೊಡದೆ ತಮ್ಮ ಅಂಗಡಿಯ ಟೀ ಸೊಪ್ಪನ್ನೂ ಬಟ್ಟೆಯನ್ನೂ ಕೂಲಿಯಾಗಿ ಕೊಡುತ್ತಿದ್ದರು. 1872ರಲ್ಲಿ ಬ್ರಿಟಿಷ್ ಸರ್ಕಾರವು ಈ ಪದ್ಧತಿಯ ಮೇಲೆ ವಿಚಾರಣೆಯನ್ನು ನಡೆಸಿದಾಗ ಹೆಣಿಗೆಯ ಹೆಂಗಸರೇ ಬಂದು ಸಾಕ್ಷ್ಯ ಹೇಳಿದರು. ಅರಮನೆಗೆ ಹೋದ ಶಾಲಿನ ಹಿಂದೆ ಹೀಗೆ ಅಂಗಡಿಯ ಲೆಕ್ಕದ ಪುಸ್ತಕವೊಂದು ಇದ್ದಿತು.

ಈ ವಿದ್ಯೆಯು ನಮ್ಮ ದೇಶಕ್ಕೆ ಪಾದ್ರಿಗಳ ಮಡದಿಯರ ಮೂಲಕವೂ ಸೇನೆಯೊಡನೆ ಬಂದ ಇಂಗ್ಲಿಷ್ ಸಂಸಾರಗಳ ಮೂಲಕವೂ ಬಂದಿತು. ತಿರುವಾಂಕೂರಿನ ನಾಗರಕೋಯಿಲಿನಲ್ಲಿ 1820ರ ಸುಮಾರಿನಲ್ಲಿಯೇ ಲಂಡನ್ ಮಿಷನ್ನಿನ ಮಾರ್ತಾ ಮಾಲ್ಟ್ ಎಂಬಾಕೆಯು ಲೇಸ್ ಕೆಲಸವನ್ನು ಹೆಣ್ಣುಮಕ್ಕಳಿಗೆ ಕಲಿಸಲಾರಂಭಿಸಿದಳು. ಗೋದಾವರಿಯ ಮುಖಜಭೂಮಿಯ ನರಸಾಪುರದಲ್ಲಿ ಕೊಕ್ಕೆಯ ಸೂಜಿಯಿಂದ ಹೆಣೆಯುವ ಕ್ರೋಷಾ ಲೇಸು 19ನೆಯ ಶತಮಾನದಲ್ಲಿಯೇ ನೆಲೆಗೊಂಡಿತು. ಮೈಸೂರು ಸೀಮೆಯಲ್ಲಿ ಇದಕ್ಕೆ ಬಾಗಿಲಾದದ್ದು ಬೆಂಗಳೂರು ದಂಡು. ಗುಡ್ ಶೆಫರ್ಡ್ ಸಂಘದ ಸನ್ಯಾಸಿನಿಯರು 1854ರಲ್ಲಿ ಅಲ್ಲಿಗೆ ಬಂದು ಶಾಲೆಯನ್ನು ತೆರೆದರು. ಮೈಸೂರಿನಲ್ಲಿ 1881ರಲ್ಲಿ ಮಹಾರಾಣಿಯವರ ಹೆಸರಿನ ಬಾಲಿಕಾ ಪಾಠಶಾಲೆಯು ಸ್ಥಾಪಿತವಾದ ಮೇಲೆ ಊರಿನ ದೊಡ್ಡ ಮನೆತನದವರೂ ಹೆಣ್ಣುಮಕ್ಕಳನ್ನು ಓದಿಗೆ ಕಳುಹಿಸತೊಡಗಿದರು. ಹೆಣ್ಣುಮಕ್ಕಳ ಶಾಲೆಗಳು ಹೆಚ್ಚಿದ ಹಾಗೆಲ್ಲ ಹೊಲಿಗೆ, ಕಸೂತಿ, ಹೆಣಿಗೆಗಳೂ ಪಾಠಗಳೊಡನೆ ಸೇರಿದುವು. 1880ರ ದಶಕದ ಮೊದಲಲ್ಲಿ ಬೆಂಗಳೂರು ಮೈಸೂರುಗಳ ನಡುವೆ ರೈಲು ನಡೆಯತೊಡಗಿತಷ್ಟೆ. ಮದ್ದೂರು ಮಂಡ್ಯಗಳು ಅದರ ದಾರಿಯಲ್ಲಿದ್ದುವು. ಪಟ್ಟಣದ ಅಂಗಡಿಯ ಬಣ್ಣದ ಉಣ್ಣೆಯ ಲಡಿಯು ಹಳ್ಳಿಯ ಮನೆಯ ಪೆಟ್ಟಿಗೆಯನ್ನು ಸೇರಲು ಇನ್ನು ಅಡ್ಡಿಯಿರಲಿಲ್ಲ.

ಈ ನಯವಾದ ಉಣ್ಣೆಯನ್ನು ಇಲ್ಲಿಯೇ ಬೆಳೆಯುವ ಪ್ರಯತ್ನವೂ ಒಮ್ಮೆ ನಡೆಯಿತೆಂಬುದು ಅನೇಕರಿಗೆ ತಿಳಿದಿರಲಾರದು. 1834ರಿಂದ 1861ರವರೆಗೆ ಮೈಸೂರಿನ ಕಮಿಷನರಾಗಿದ್ದ ಸರ್ ಮಾರ್ಕ್ ಕಬ್ಬನ್ನರು ಕುರಿಯ ತಳಿಯನ್ನು ಉತ್ತಮಪಡಿಸಬೇಕೆಂದು ಆಸ್ಟ್ರೇಲಿಯದಿಂದ ಮೆರಿನೊ ಟಗರುಗಳನ್ನು ಮೇಲಿಂದ ಮೇಲೆ ತರಿಸಿದರು. ಅವನ್ನು ಸಾಕಿ ನಾಡಿನಲ್ಲಿ ಹಂಚುವುದಕ್ಕೆ ಹೆರಗನಹಳ್ಳಿಯ ಬಳಿ ಸರ್ಕಾರದ ಕುರಿಸಾಲೆಯೊಂದು ನಡೆಯಿತು. ಬೆರಕೆಯ ಕುರಿಗಳ ಮೈಯೂ ಉಣ್ಣೆಯೂ ತಕ್ಕಮಟ್ಟಿಗೆ ಉತ್ತಮವಾದುವು. ಆದರೆ ಹೊಸ ಟಗರುಗಳನ್ನು ಸಮುದ್ರದಾಚೆಯಿಂದ ತರಿಸುವ ವೆಚ್ಚವು ತಡೆಯಲಾಗದಷ್ಟಾಗಿ, 1863ರಲ್ಲಿ ಆ ಏರ್ಪಾಡನ್ನು ಕೈಬಿಟ್ಟರು. 1884ರಲ್ಲಿ ಬೆಂಗಳೂರಿನಲ್ಲಿ ಉಣ್ಣೆ, ಹತ್ತಿ, ರೇಷ್ಮೆಗಳ ಗಿರಣಿಯು ಹುಟ್ಟಿದ ಮೇಲೆ ಯಂತ್ರದ ಕಂಬಳಿಯೂ ಬಂದಿತು. ಹೀಗೆ ನಮ್ಮ ಸೀಮೆಯ ಉಣ್ಣೆಗೆ ಎರಡು ದಾರಿಗಳಾದುವು: ಊರಿನ ಉಣ್ಣೆ ಕುರುಬರ ಮಗ್ಗಕ್ಕೆ, ಹೊರಗಿನ ಉಣ್ಣೆ ಓದಿದ ಮನೆಯ ಹೆಣ್ಣುಮಕ್ಕಳ ಕಡ್ಡಿಗೆ. ಒಂದೇ ಊರಿನ ಎರಡು ಬೀದಿಗಳಲ್ಲಿ ಎರಡು ಉಣ್ಣೆಗಳು ಒಂದನ್ನೊಂದು ನೋಡದೆಯೇ ಬಾಳಿದುವು.

ಈಗ ಬೆರಳು ಬಿಟ್ಟ ಗವಸಿನ ರಚನೆಯನ್ನು ಸ್ವಲ್ಪ ವಿವರಿಸಬೇಕು. ಅದನ್ನು ತಿಳಿಯದೆ ಅದರ ಬೆಲೆ ತಿಳಿಯದು. ಎರಡು ತುದಿಯೂ ಚೂಪಾದ ನಾಲ್ಕು ಕಡ್ಡಿಗಳನ್ನು ತೆಗೆದುಕೊಂಡು, ಅವುಗಳಲ್ಲಿ ಮೂರರ ಮೇಲೆ 48 ಕುಣಿಕೆಗಳನ್ನು ಸಮನಾಗಿ ಏರಿಸಿ, ನಾಲ್ಕನೆಯದರಿಂದ ಸುತ್ತುಸುತ್ತಾಗಿ ಹೆಣೆಯುವರು. ಮಣಿಕಟ್ಟಿನ ಅಂಚಿಗೆ ಎರಡು ಸೀದಾ, ಎರಡು ಉಲ್ಟಾ ಎಂಬ ಕ್ರಮದಲ್ಲಿ ಪಟ್ಟಿ ಹಾಕಿದರೆ ಅದು ಹಿಗ್ಗಿ ಕುಗ್ಗಿ ಕೈಯನ್ನು ಹಿಡಿದುಕೊಳ್ಳುವುದು. ಆಮೇಲೆ ಲೇಸಿನ ಭಾಗ. ಕಂಡಿ ಬೇಕಾದೆಡೆಯಲ್ಲಿ ನೂಲನ್ನು ಬರಿದೆ ಕಡ್ಡಿಯ ಮೇಲೆ ಒಂದು ಸುತ್ತು ಹಾಕುವರು. ಮುಂದಿನ ಸುತ್ತಿನಲ್ಲಿ ಅದೇ ಒಂದು ಹೊಸ ಕುಣಿಕೆಯಾಗಿ, ಕೆಳಗೆ ಕಂಡಿ ಬೀಳುವುದು. ಹೀಗೆ ಒಂದು ಕುಣಿಕೆ ಹೆಚ್ಚಿತಲ್ಲವೆ? ಅದನ್ನು ಸರಿದೂಗಿಸಲು ಪಕ್ಕದ ಎರಡನ್ನು ಜೋಡಿಸಿ ಒಂದಾಗಿ ಹೆಣೆಯುವರು. ಒಂದು ಕಂಡಿಗೆ ಒಂದು ಜೋಡಣೆ. ಈ ಲೆಕ್ಕ ತಪ್ಪಿದರೆ ಗವಸು ಸೊಟ್ಟಗಾಗುವುದು. 8 ಕುಣಿಕೆಗಳ ಚಿತ್ರವಾದರೆ ಅದು ಕೈಯ ಸುತ್ತ 6 ಸಲ ಬರುವುದು. ಹೆಬ್ಬೆರಳಿನ ಎಡೆಯಲ್ಲಿ ಮೂರು ಸುತ್ತಿಗೊಮ್ಮೆ ಎರಡೆರಡು ಕುಣಿಕೆಗಳನ್ನು ಹೆಚ್ಚಿಸುತ್ತ ಬಂದು, ಆ ತ್ರಿಕೋಣದ ಕುಣಿಕೆಗಳನ್ನು ಒಂದು ದಾರಕ್ಕೆ ಪೋಣಿಸಿಟ್ಟು, ಅಂಗೈಯನ್ನು ಮುಗಿಸಿದ ಬಳಿಕ ಅವನ್ನು ಮತ್ತೆ ಕಡ್ಡಿಗೇರಿಸಿ ಹೆಬ್ಬೆರಳಿನ ಗಿಡ್ಡ ಕೊಳವೆಯನ್ನು ಹೆಣೆಯುವರು. ಕಡೆಯ ಸುತ್ತನ್ನು ಸಡಿಲವಾಗಿ ಮುಚ್ಚಬೇಕು. ಬಿಗಿದರೆ ಬೆರಳಿನ ಬುಡದಲ್ಲಿ ರಕ್ತದ ಓಡಾಟಕ್ಕೆ ತಡೆಯಾಗುವುದು. ಮುಗಿದ ಗವಸನ್ನು ನೆನೆಸಿ, ಹಿಂಡದೆ ಒತ್ತಿ, ಎಳೆದು ಹರಡಿ ಒಣಗಿಸಿದಾಗಲೇ ಕಂಡಿಗಳು ಬಿಚ್ಚಿಕೊಂಡು ಚಿತ್ರವು ಕಾಣುವುದು.

ಒಂದು ಗವಸಿಗೆ ಇಂತಹ 60 ಸುತ್ತುಗಳೆಂದರೆ 2,880 ಕುಣಿಕೆ. ಒಂದು ಜೊತೆಗೆ ಹೆಬ್ಬೆರಳನ್ನು ಸೇರಿಸಿ ಸುಮಾರು ಆರು ಸಾವಿರ. ನಿಮಿಷಕ್ಕೆ 12ರಂತೆ ಹಾಕಿದರೂ ಎಂಟು ಗಂಟೆಗಳಿಗೆ ಮೇಲ್ಪಟ್ಟ ಕೆಲಸ. ಇದು ಒಬ್ಬ ಆಳಿನ ಒಂದು ಪೂರ್ತಿ ದಿನ. ನೂಲಾದರೋ 50 ಗ್ರಾಮಿನಷ್ಟು ಸಾಕು. ಇಲ್ಲಿಯೇ ಲೇಸಿನ ರಹಸ್ಯವಿರುವುದು. ಕಂಡಿ ಬಿಟ್ಟುದರಿಂದ ನೂಲು ಉಳಿಯಿತು. ಇನ್ನು ಶಾಖದ ಮಾತು: ಉಣ್ಣೆಯು ತಾನಾಗಿ ಶಾಖವನ್ನು ಹುಟ್ಟಿಸುವ ವಸ್ತುವಲ್ಲ. ಅದರ ಗುಂಗುರು ಎಳೆಗಳ ನಡುವೆ ಸಿಕ್ಕಿಕೊಂಡು ಅಲುಗಾಡದೆ ನಿಂತ ಗಾಳಿಯೇ ಮೈಯ ಶಾಖವನ್ನು ಹೊರಕ್ಕೆ ಬಿಡದೆ ತಡೆಯುವುದು. ಲೇಸಿನ ಗವಸಿನ ಮೇಲೆ ರವಕೆಯ ತೋಳನ್ನೋ ಸೆರಗನ್ನೋ ಎಳೆದುಕೊಂಡರೆ ಆ ಕಂಡಿಗಳೂ ಗಾಳಿಯ ಪುಟ್ಟ ಕೋಣೆಗಳಾಗುವುವು. ಮಣಿಕಟ್ಟಿನಲ್ಲಿ ರಕ್ತನಾಳಗಳು ಚರ್ಮಕ್ಕೆ ಸಮೀಪದಲ್ಲಿ ಹರಿಯುವುದರಿಂದ ಆ ಎಡೆಯನ್ನು ಬೆಚ್ಚಗಿಟ್ಟರೆ ಬಿಟ್ಟ ಬೆರಳುಗಳಿಗೂ ಬೆಚ್ಚನೆಯ ರಕ್ತವು ತಲಪುವುದು. ಆದುದರಿಂದ ತೂತಿನ ಗವಸು ಚಳಿಯನ್ನು ತಡೆಯದೆಂಬ ಆಕ್ಷೇಪಣೆಯು ನಿಲ್ಲಲಾರದು.

ಬೆರಳುಗಳನ್ನೇಕೆ ಬಿಟ್ಟರೆಂಬ ಪ್ರಶ್ನೆಯು ಉಳಿಯಿತು. ಇದಕ್ಕೆ ಉತ್ತರವು ಆ ಆಕಾರದಲ್ಲಿಯೇ ಬರೆದಂತಿದೆ. ಐದು ಬೆರಳನ್ನೂ ಮುಚ್ಚಿದ ಗವಸು ಕೈಗಳನ್ನು ಮಡಿಚಿ ಕುಳಿತವರಿಗೆ ಅನುಕೂಲ. ಅದನ್ನು ತೊಟ್ಟು ಸೂಜಿಗೆ ದಾರ ಪೋಣಿಸಲಾಗದು, ನಾಣ್ಯವನ್ನು ಎಣಿಸಲಾಗದು, ಪುಸ್ತಕದ ಹಾಳೆಯನ್ನು ಮಗುಚಲಾಗದು. ಬೆರಳು ಬಿಟ್ಟ ಗವಸು ಕೈಯನ್ನು ನಿಲ್ಲಿಸಲಾರದವರಿಗಾಗಿ ಹುಟ್ಟಿತು. 18ನೆಯ ಶತಮಾನದ ಯೂರೋಪಿನಲ್ಲಿ ಹೆಂಗಸರು ಅದನ್ನು ತೊಟ್ಟು ಹೊಲಿಗೆಯನ್ನೂ ಮನೆಗೆಲಸವನ್ನೂ ನಡೆಸುತ್ತಿದ್ದರು. 1914ರಿಂದ 1918ರವರೆಗೆ ನಡೆದ ಮಹಾಯುದ್ಧದಲ್ಲಿಯೂ, 1939ರಿಂದ 1945ರವರೆಗೆ ನಡೆದ ಎರಡನೆಯ ಯುದ್ಧದಲ್ಲಿಯೂ ಮನೆಯಲ್ಲಿ ಉಳಿದ ಹೆಂಗಸರು ಸೈನಿಕರಿಗಾಗಿ ಕಾಲುಚೀಲ, ಗಲಪಟ್ಟಿ, ಮಣಿಕಟ್ಟಿನ ಪಟ್ಟಿ, ಬೆರಳು ಬಿಟ್ಟ ಗವಸು ಇವುಗಳನ್ನು ಲಕ್ಷಗಟ್ಟಲೆ ಹೆಣೆದರು. ಬಂದೂಕು ಹಿಡಿಯುವವನ ಬೆರಳೂ ಬಿಡುವಾಗಿರಬೇಕಷ್ಟೆ.

ನಮ್ಮ ಸೀಮೆಯ ಕಡೆಗೆ ತಿರುಗಿ ನೋಡೋಣ. ಧನುರ್ಮಾಸದ ಬೆಳಗ್ಗೆ ಕಾಲುವೆಯ ಬಯಲಿನ ಮೇಲೆ ಮಂಜು ಕವಿದಿರುವಾಗ ಹಾಲು ಕರೆಯುವ ಕೈ, ಮಳವಳ್ಳಿಯ ಕಡೆ ಹುಳುವಿಗಾಗಿ ಹಿಪ್ಪುನೇರಳೆಯ ಸೊಪ್ಪನ್ನು ಬಿಡಿಸುವ ಕೈ, ಮಂಡ್ಯದ ಬಯಲಿನಲ್ಲಿ ಕಬ್ಬನ್ನು ಕಡಿಯುವ ಕೈ. ಇವಾವುವೂ ಬೆರಳನ್ನು ಮುಚ್ಚಿಕೊಂಡು ನಡೆಯುವ ಕೆಲಸಗಳಲ್ಲ. ಕಬ್ಬಿನ ಗರಿಯ ಅಂಚು ಗರಗಸದಂತೆ ಚರ್ಮವನ್ನು ಸೀಳುವುದರಿಂದ ಕಡಿಯುವವರು ಹಳೆಯ ಅಂಗಿಯ ತೋಳನ್ನು ಮುಂಗೈಯವರೆಗೂ ಎಳೆದು, ಬೆರಳುಗಳನ್ನು ಮಾತ್ರ ಹೊರಗಿಡುವುದನ್ನು ಎಲ್ಲರೂ ಕಂಡಿರುವರು. ಅದು ಉಣ್ಣೆಯದೂ ಅಲ್ಲ, ಲೇಸಿನದೂ ಅಲ್ಲ. ಆದರೆ ಅದನ್ನು ಕಲ್ಪಿಸಿದ ಬುದ್ಧಿಯು ಶೆಟ್ಲೆಂಡಿನ ಹೆಂಗಸಿನ ಬುದ್ಧಿಯೇ. ದುಡಿಯುವ ಕೈಗೆ ಬೇಕಾದ ಉಡುಪಿನ ಆಕಾರವು ಎಲ್ಲ ದೇಶಗಳಲ್ಲಿಯೂ ಒಂದೇ ಆಗಿದೆ.

ಹೀಗಿರಲು, ಇಂತಹ ಕೈಗಳ ಕೆಲಸವನ್ನು ಬಿಡುವಿನ ಕೆಲಸವೆಂದು ಕರೆಯುವುದರಿಂದ ಆಗುವ ಅನ್ಯಾಯವನ್ನು ವಿಚಾರಮಾಡದಿರಲಾಗದು. ನರಸಾಪುರದ ಲೇಸಿನ ಹೆಂಗಸರನ್ನು ಕುರಿತು ಮರಿಯಾ ಮೀಸ್ ಎಂಬ ಜರ್ಮನ್ ವಿದುಷಿಯು ಬರೆದ ಗ್ರಂಥವು 1982ರಲ್ಲಿ ಪ್ರಕಟವಾಯಿತು. ಅವರ ಲೇಸು ಹಡಗನ್ನೇರಿ ಹೊರದೇಶಗಳಿಗೆ ಹೋಗುತ್ತಿದ್ದಿತು, ವ್ಯಾಪಾರಿಗಳು ಧನಿಕರಾದರು. ಆದರೆ ಹೆಣೆದವರು ಗೃಹಿಣಿಯರು, ಅವರು ಸುಮ್ಮನೆ ಕೂರುವ ವೇಳೆಯಲ್ಲಿ ಮಾಡಿದ್ದು ಎಂಬ ನೆಪದಿಂದ ಅವರ ಕೂಲಿಯು ಹೊಲದ ಕೂಲಿಗಿಂತಲೂ ಕೆಳಗಿದ್ದಿತು. ಗೃಹಿಣಿ ಎಂಬ ಗೌರವದ ಮಾತೇ ಅಲ್ಲಿ ಕೂಲಿಯನ್ನು ಇಳಿಸುವ ಉಪಾಯವಾಯಿತು. ನಮ್ಮ ಕಂಬಳಿಯ ವಿಷಯದಲ್ಲಿಯೂ ಹೀಗೆಯೇ ಆಗಿರುವುದು. ಒಂದು ಮಗ್ಗಕ್ಕೆ ನೂಲೊದಗಬೇಕಾದರೆ ಹಲವು ರಾಟೆಗಳು ತಿರುಗಬೇಕು. ನೇಕಾರನೆಂಬ ಹೆಸರು ಮಗ್ಗದಲ್ಲಿ ಕುಳಿತವನಿಗೆ ಬಂದಿತು. ನೂತವಳಿಗೆ ಕಸಬಿನ ಹೆಸರೇ ಇಲ್ಲ. ಕಂಬಳಿಯ ಬೆಲೆಯನ್ನು ಚೌಕಾಸಿ ಮಾಡಿ ಇಳಿಸಿದವರು ಮೊದಲು ಕತ್ತರಿಸಿದ್ದು ಅವಳ ಪಾಲನ್ನೇ.

ಈ ದೃಷ್ಟಿಯನ್ನು ಬದಲಾಯಿಸಲು ಸಾಧ್ಯವೆಂಬುದಕ್ಕೂ ಚರಿತ್ರೆಯಲ್ಲಿ ನಿದರ್ಶನವಿದೆ. ರಾಟೆಯಲ್ಲಿ ನೂಲುವುದೂ ಮುದುಕಿಯರ ಹೊತ್ತುಗಳೆಯುವ ಕೆಲಸವೆನಿಸಿದ್ದ ಕಾಲವೊಂದಿತ್ತು. ಗಾಂಧೀಜಿಯವರು 1925ರಲ್ಲಿ ಅಖಿಲ ಭಾರತ ಚರಕಾ ಸಂಘವನ್ನು ಸ್ಥಾಪಿಸಿದರು. 1935ರಲ್ಲಿ ಅವರು, ನೂಲುವವರಿಗೂ ಹೊಟ್ಟೆ ತುಂಬುವಷ್ಟು ಕನಿಷ್ಠ ಕೂಲಿಯನ್ನು ಗಂಟೆಯ ಲೆಕ್ಕದಲ್ಲಿ ಕೊಡಬೇಕೆಂದು ಹಟ ಹಿಡಿದರು. ಹಾಗೆ ಮಾಡಿದರೆ ಖಾದಿಯ ಬೆಲೆಯು ಏರುವುದು, ಕೊಳ್ಳುವವರು ಕಡಮೆಯಾಗುವರು ಎಂದು ಅವರ ಅನುಯಾಯಿಗಳಲ್ಲಿಯೇ ಅನೇಕರು ಆತಂಕಪಟ್ಟರು. ಆದಾಗ್ಯೂ ಸಂಘವು ಕೂಲಿಯನ್ನು ಹೆಚ್ಚಿಸಿತು. ಇದಾದ ಮೂರು ವರ್ಷಕ್ಕೆ, 1938ರ ಏಪ್ರಿಲ್ ತಿಂಗಳಲ್ಲಿ, ಮದ್ದೂರಿನ ಬಳಿಯ ಶಿವಪುರದಲ್ಲಿ ಧ್ವಜ ಸತ್ಯಾಗ್ರಹವು ನಡೆಯಿತು. ಆ ಧ್ವಜದ ನಡುವೆ ಇದ್ದುದು ಚರಕ. ಮನೆಯ ಮೂಲೆಯಲ್ಲಿದ್ದ ಸಾಧನವು ಬಾವುಟದ ನಡುವಿಗೆ ಬಂದು ನಿಂತಿತ್ತು. ಬಾವುಟದ ಗೌರವವು ಸಣ್ಣದಲ್ಲ. ಆದರೆ ನೂಲುವವಳ ಅನ್ನದ ಪ್ರಶ್ನೆಗೆ ನೇರವಾಗಿ ಕೈಯಿಟ್ಟುದು 1935ರ ಆ ನಿರ್ಣಯವೇ ಎಂದು ನಾವು ಭಾವಿಸುತ್ತೇವೆ.

ಹೆಣಿಗೆಯ ಕಡ್ಡಿಗಾಗಲಿ ಕಂಬಳಿಯ ರಾಟೆಗಾಗಲಿ ಅಂತಹ ನಿರ್ಣಯವು ದೊರೆಯಲಿಲ್ಲ. ಕನ್ನಂಬಾಡಿಯ ಕಟ್ಟೆಯು ಮುಗಿದು ಕಾಲುವೆಯ ನೀರು ಹರಿದ ಮೇಲೆ, 1933ರಲ್ಲಿ ಮಂಡ್ಯದ ಸಕ್ಕರೆಯ ಕಂಪೆನಿಯು ಸ್ಥಾಪಿತವಾದ ಮೇಲೆ, ಕುರಿ ಮೇಯುತ್ತಿದ್ದ ಬಯಲುಗಳು ಭತ್ತದ ಗದ್ದೆಗಳೂ ಕಬ್ಬಿನ ತೋಟಗಳೂ ಆದುವು. ಇದರಿಂದ ಸೀಮೆಗೆ ಐಶ್ವರ್ಯ ಬಂದಿತೆಂಬುದರಲ್ಲಿ ಸಂದೇಹವಿಲ್ಲ. ಕಂಬಳಿಯ ಮಗ್ಗವು ಮಾತ್ರ ಮೂಲೆಗೆ ಸರಿಯಿತು. ಯಂತ್ರದ ಸ್ವೆಟರು ಅಂಗಡಿಗೆ ಬಂದ ಮೇಲೆ ಶಾಲೆಯಲ್ಲಿ ಕಲಿತ ಹೆಣಿಗೆಯೂ ಪೆಟ್ಟಿಗೆಯ ತಳವನ್ನು ಸೇರಿತು. ನಾವು ಇಲ್ಲಿ ಯಂತ್ರವನ್ನು ದೂಷಿಸಹೊರಟಿಲ್ಲ. ಅಗ್ಗದ ಬಟ್ಟೆಯು ಬಡವನ ಮೈಯನ್ನು ಮುಚ್ಚಿದೆ. ಆದರೆ ಕೈಯಿಂದ ಮಾಡಿದ ವಸ್ತುವನ್ನು ಇಂದಿಗೂ ಕೊಳ್ಳುವವರು ಅದನ್ನು ಯಂತ್ರದ ವಸ್ತುವಿನ ಪಕ್ಕದಲ್ಲಿಟ್ಟು, ಇದಕ್ಕೇಕೆ ಇಷ್ಟು ಬೆಲೆಯೆಂದು ಕೇಳುವರು. ಕುಣಿಕೆಗಳನ್ನು ಎಣಿಸಿದವರಿಗೆ ಈ ಪ್ರಶ್ನೆಗೆ ಉತ್ತರ ಹೇಳುವುದು ಕಷ್ಟವಲ್ಲ. ಆರು ಸಾವಿರ ಕುಣಿಕೆ, ಎಂಟು ಗಂಟೆ, ಒಂದು ದಿನದ ಕೂಲಿ, ಅದರ ಮೇಲೆ ನೂಲಿನ ಬೆಲೆ. ಇದಕ್ಕಿಂತ ಕಡಮೆಗೆ ಕೊಂಡುದಾದರೆ ಉಳಿದ ಹಣವು ಹೆಣೆದವಳ ಕೈಯಿಂದಲೇ ಬಂದಿರಬೇಕು.

ನಾಡಿನ ಚರಿತ್ರೆಯನ್ನು ಬರೆಯುವವರು ಶಾಸನಗಳನ್ನೂ ಕಡತಗಳನ್ನೂ ಹುಡುಕುವರು, ಅದು ಆಗಬೇಕಾದುದೇ. ಆದರೆ ಮಂಡ್ಯ, ಮದ್ದೂರು, ಮಳವಳ್ಳಿಗಳ ಮನೆಗಳಲ್ಲಿ ಇನ್ನೂ ಉಳಿದಿರುವ ರಾಟೆ, ಎಕ್ಕುವ ಬಿಲ್ಲು, ಹೆಣಿಗೆಯ ಕಡ್ಡಿ, ಅರ್ಧಕ್ಕೆ ನಿಂತ ಗವಸು ಇವೂ ದಾಖಲೆಗಳೇ ಆಗಿವೆ. ಅವುಗಳನ್ನು ಬಳಸಬಲ್ಲ ಹಿರಿಯ ಹೆಂಗಸರು ಇರುವಾಗಲೇ ಅವರನ್ನು ಕೇಳಿ, ಯಾವ ಉಣ್ಣೆ, ಎಷ್ಟು ಹೊತ್ತು, ಯಾರಿಗೆ ಮಾರಿದಿರಿ, ಏನು ಸಿಕ್ಕಿತು ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರವನ್ನು ಬರೆದಿಟ್ಟುಕೊಳ್ಳುವ ಕೆಲಸವನ್ನು ನಮ್ಮ ಕಾಲೇಜಿನ ವಿದ್ಯಾರ್ಥಿಗಳು ಒಂದು ಬೇಸಗೆಯ ರಜಾದಲ್ಲಿ ಮಾಡಬಹುದು. ಒಂದೊಂದು ಊರಿಗೆ ಒಂದೊಂದು ನೋಟ್ ಪುಸ್ತಕ ತುಂಬಿದರೂ ಸಾಕು. ನೂಲುವವಳ ಮತ್ತು ಹೆಣೆಯುವವಳ ಹೆಸರು ಮೊದಲ ಸಲ ಬರಹದಲ್ಲಿ ಕಾಣಿಸಿಕೊಳ್ಳುವುದು.